ಕೊಂಡಮ್ಮನ ಡಬ್ಬ

ಮೂಕಂಡಪಲ್ಲಿಗೆ ಕಾರ್ಖಾನೆಗಳು ಬಂದ ಹೊಸತು. ತಳಿ ಎಂಬ ಊರಿನ ಕಾಡಂಚಿನ ವೆಂಕಟರಾಮಪ್ಪ ಒಂದು ಭಾನುವಾರ ಅಲ್ಲಿನ ಮೂವರು ನೌಕರರಿಗೆ ಬೆಟ್ಟ ತೋರಿಸಲು ಹೊರಟ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದಲ್ಲ, ಹೆಂಡತಿ ಕೊಂಡಮ್ಮ ಕೇಳಲಿಲ್ಲ. ಕೇಳದವಳಿಗೆ ಇವನೂ ಹೇಳಲಿಲ್ಲ. ಹಾಳು ಶಾಸ್ತ್ರ!

ಮಧ್ಯಾಹ್ನ ಬಂಡೆಗಳ ನಡುವಿನ ಇಕ್ಕಟ್ಟು ದಾರಿ ಹತ್ತುವಾಗ ಕೆಳಗೆ ಡಬ್ಬ ಬಡಿಯುವ ಸದ್ದೆದ್ದಿತು.

"ಏನಪ್ಪಾ ಅದು?" ಮೂವರಲ್ಲಿ ಹಿರಿಯವನು ಕೇಳಿದ.

"ರಾಗಿ ಹೊಲಕ್ಕೆ ಆನೆ ಬಿದ್ದದೆ ಸಾರ್. ನಮ್ಮೋರು ಕಾಡಿಗೆ ಅಟ್ತಾವ್ರೆ. ಅದು ಹತ್ತಾದು ಇದೇ ದಾರೀಲಿ."

ಕಾಡಿನಲ್ಲಿ ತಮ್ಮವರಿದ್ದಾರೆಂದು ಗೊತ್ತಿದ್ದರೆ ಊರವರು ಈ ಕಡೆಗೆ ಅಟ್ಟುತ್ತಿರಲಿಲ್ಲ. ಈಗ ಎರಡೂ ಪಕ್ಕ ನುಣ್ಣನೆಯ ಬಂಡೆ, ಹತ್ತಲು ಒಂದು ಮರವಿಲ್ಲ; ಮೇಲಕ್ಕೆ ಓಡಿದರೆ ಆನೆಯ ಓಟವೇ ಹೆಚ್ಚು. ಕೂಗಿದರೆ ಊರಿಗೆ ಕೇಳದು, ಆನೆಗೆ ಕೇಳುತ್ತದೆ. ಕೆಳಗೆ ಬಿದಿರು ಲಟಲಟನೆ ಮುರಿಯತೊಡಗಿತು.

ಆ ಗದ್ದಲದಲ್ಲಿ ಒಂದು ಸದ್ದು ಎಲ್ಲಕ್ಕಿಂತ ಮುಂದಿತ್ತು. ತಳ ಸೀಳಿದ ಸೀಮೆಎಣ್ಣೆ ಡಬ್ಬ, ಅವನ ಮನೆಯದೇ. ಕೊಂಡಮ್ಮ ಎಂದಿನಂತೆ ಊರಿಗೆಲ್ಲ ಮುಂದಾಗಿ ನಿಂತು ಬಡಿಯುತ್ತಿದ್ದಳು.

"ಅವರು ನಿಲ್ಲಿಸ್ಬಿಟ್ರೆ ಸಾಕು, ದೇವರೇ!" ಹಿರಿಯವನು ಅವನ ತೋಳು ಹಿಡಿದು ಪಿಸುಗುಟ್ಟಿದ.

ನಿಲ್ಲಿಸಿದರೆ ಆನೆ ತಿರುಗಿ ಕೊಂಡಮ್ಮನ ಮೇಲೆ ಹೋಗುತ್ತದೆ; ನಿಲ್ಲಿಸದಿದ್ದರೆ ನಂಬಿ ಬಂದ ಈ ಮೂವರ ಮೇಲೆ. ವೆಂಕಟರಾಮಪ್ಪ ದೇವರಿಗೆ ಕೈಮುಗಿದ. ಏನೆಂದು ಬೇಡಿಕೊಳ್ಳುವುದೋ ತಿಳಿಯಲಿಲ್ಲ.

ಕೈಮುಗಿದೇ ಇದ್ದ. ಬಿದಿರು ಮುರಿಯುವ ಸದ್ದು ಹೊಲದ ಕಡೆಗೆ ತಿರುಗಿತು. ಮಿಕ್ಕ ಡಬ್ಬಗಳೆಲ್ಲ ಬಡಿಯುತ್ತಿರುವಾಗಲೇ, ಸೀಳು ಡಬ್ಬದ ಸದ್ದೊಂದು ಮಾತ್ರ ನಿಂತುಹೋಯಿತು.