ಗಿಡ್ಡ ತೋಳು

ಹೆಬ್ಬೆರಳು ಒತ್ತಿದಲ್ಲಿ ಬಿಳಿ, ಎತ್ತಿದರೆ ಮೆಲ್ಲಗೆ ಕೆಂಪು ತುಂಬಿಕೊಳ್ಳುತ್ತದೆ, ಮತ್ತೆ ಒತ್ತು, ಮತ್ತೆ ಬಿಳಿ — ಮುಲಾಮು ಇಷ್ಟು ಸಾಕು, ಜಾಸ್ತಿಯಾದರೆ ಬೆರಳು ಜಾರುತ್ತದೆ, ಮಗಳ ಎಡಗೈ ಅಮ್ಮನ ತೊಡೆಯ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ, ಮೊಣಕೈ ಮಡಿಕೆ ದಾಟಿ ಮಣಿಕಟ್ಟಿನವರೆಗೆ ಇಳಿದ ಗೆರೆ, ಓಡುವ ಭರದಲ್ಲಿ ಗಾಜಿನ ಬಾಗಿಲಿಗೆ ನುಗ್ಗಿ ಮಾಡಿಕೊಂಡದ್ದು, ಇವಳನ್ನು ಗುಂಡಿ ಅಂತ ಕರೆದದ್ದೇ ತಪ್ಪಾಯಿತೇನೋ, ಅಂಬೆಗಾಲಿಡುವಾಗ ನೆಲದ ಮೇಲೆ ಬಿದ್ದ ಅಂಗಿಗುಂಡಿಗಳನ್ನೆಲ್ಲ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳೆಂದು ಬಂದ ಹೆಸರು, ಈಗಲೂ ನಿಂತಲ್ಲಿ ನಿಲ್ಲುವವಳಲ್ಲ, ಉರುಳುವವಳೇ. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಬಗ್ಗಿ ನೋಡಿದ್ದು ಹೊಲಿಗೆಯನ್ನು, ಸಮಸಮ, ಎಲ್ಲೂ ಸುಕ್ಕಿಲ್ಲ, ಈ ಡಾಕ್ಟರು ಕೆಲಸ ಕೇಳಿಕೊಂಡು ಬಂದರೆ ನಾಳೆಯೇ ಒಂದು ಯಂತ್ರ ಬಿಟ್ಟುಕೊಡಬಹುದು ಅನ್ನಿಸಿ ನಗು ಬಂತು, ನಗುತ್ತಲೇ ಅತ್ತಿದ್ದಳು. ಆಮೇಲೆ ಮನೆಯಲ್ಲಿ ಮಾಡಿದ್ದೇನು, ದರ್ಜಿ ಬುದ್ಧಿ, ಹೊಲಿದ ಅಂಚಿನ ಮೇಲೆ ಉಗುರೆಳೆದು ಕೂರಿಸುವ ಹಾಗೆ ಗೆರೆಯುದ್ದಕ್ಕೂ ಎಳೆದದ್ದು, ಮಗು ಚೀರಿ, ಗುಳ್ಳೆಯೆದ್ದು, ನರ್ಸಮ್ಮ ಕೈ ಹಿಡಿದು ತೋರಿಸಿದ್ದು, ಉಜ್ಜಬೇಡಿ, ಒತ್ತಿಕೊಂಡೇ ಸುತ್ತ ತಿರುಗಿಸಿ, ಇದು ಬಟ್ಟೆ ಅಲ್ಲಮ್ಮ, ಗೆರೆ ಬಿಗಿದ್ರೆ ಕೈ ಪೂರ್ತಿ ಚಾಚೋಕಾಗಲ್ಲ. ಆ ಮಾತು ಎದೆಯಲ್ಲಿ ಕೂತುಬಿಟ್ಟಿದೆ. ಸುತ್ತ, ಸುತ್ತ, ಬಿಳಿ, ಕೆಂಪು.

ಅತ್ತೆಯ ಚಿಂತೆಯೇ ಬೇರೆ, ಹೆಣ್ಣುಹುಡುಗಿ, ಇಷ್ಟುದ್ದ ಕಲೆ, ನಾಲ್ಕು ಜನ ನೋಡ್ತಾರೆ, ತೋಳು ಉದ್ದ ಇಡೇ, ನಿನಗೇನು ಬಟ್ಟೆಗೆ ಬರವೇ — ಅವಳೂ ಹೂಂ ಎಂದು ಶಾಲೆಯ ಅಂಗಿಗಳಿಗೆಲ್ಲ ಮಣಿಕಟ್ಟು ಮುಚ್ಚುವ ತೋಳಿಟ್ಟಳು, ಎಷ್ಟು ಅಚ್ಚುಕಟ್ಟಾಗಿ, ತಾನೇ ಮೆಚ್ಚಿಕೊಳ್ಳುವಷ್ಟು. ಇವತ್ತು ಮಗಳು ಶಾಲೆಯಿಂದ ಬಂದರೆ ಅಂಗಿಯ ಎಡತೋಳು ಮೊಣಕೈ ಮೇಲಕ್ಕೇ ಮುಗಿದಿದೆ, ಇಲಿ ಕಡಿದಂತೆ ಸೊಟ್ಟ, ದಾರ ಜೋಲುತ್ತಿದೆ, ಗಂಡನಿಗೂ ಮುಟ್ಟಗೊಡದ ದೊಡ್ಡ ಕತ್ತರಿ ಬೆಳಿಗ್ಗೆ ಈ ಪುಟ್ಟ ಕೈಗೆ ಸಿಕ್ಕಿದೆ. ಯಾಕೇ ಹೀಗೆ ಮಾಡಿದೆ ಅಂದರೆ, ಕೈ ಎತ್ತಿದ್ರೆ ತೋಳು ಎಳೆಯುತ್ತಮ್ಮ, ಟೀಚರ್ ಕೇಳ್ದಾಗ ನಾನೇ ಫಸ್ಟ್ ಎತ್ಬೇಕು. ಬಲಗೈ ಎತ್ತಬಾರದಾ? ಅದ್ರಲ್ಲಿ ಪೆನ್ಸಿಲ್ ಇರುತ್ತಲ್ಲ. ಎಲ್ಲರೂ ಕಲೆ ನೋಡಿದರಾ? ನೋಡಿದ್ರು, ನಮ್ಮಮ್ಮ ದಿನಾ ಒತ್ತಿ ಒತ್ತಿ ಮೆತ್ತಗೆ ಮಾಡಿದ್ದು, ಬೇಕಾದ್ರೆ ಮುಟ್ಟಿ ನೋಡಿ ಅಂದೆ.

ಮುಟ್ಟಿ ನೋಡಿ — ಎಷ್ಟು ಮದುವೆಯ ಉಡುಪು ಹೊಲಿದಿಲ್ಲ, ಇದು ಇವಳ ಕೈಕೆಲಸ ಎಂದು ಯಾರು ನಾಲ್ಕು ಜನರ ಮುಂದೆ ತೋರಿಸಿದ್ದರು, ತಾನು ಮುಚ್ಚಿ ಹೊಲಿದದ್ದನ್ನು ಮಗಳು ಕತ್ತರಿಸಿ ಮೆರೆಸಿ ಬಂದಿದ್ದಾಳೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಅತ್ತೆ ಅಂದರೆ ಅನ್ನಲಿ, ಬೈಯಬೇಕು, ಕತ್ತರಿ ಮುಟ್ಟಿದ್ದಕ್ಕಾದರೂ ಬೈಯಬೇಕು, ಬಲತೋಳನ್ನೂ ಅದೇ ಅಳತೆಗೆ ಕತ್ತರಿಸಿ ಅಂಚು ಮಡಿಸಬೇಕು, ಎಲ್ಲಿ, ಹೇಗೆ ಎತ್ತಿದೆ ತೋರಿಸು — ತೊಡೆಯಿಂದ ಕೈ ಮೇಲೇಳುತ್ತದೆ, ಮೊಣಕೈ ಎಲ್ಲೂ ತಡೆಯುವುದಿಲ್ಲ, ನೆಟ್ಟಗೆ, ಪೂರ್ತಿ ನೆಟ್ಟಗೆ, ಯಾರೂ ಒತ್ತದೆ ಗೆರೆ ಉದ್ದಕ್ಕೂ ಬಿಳಿ, ಆಮೇಲೆ, ಕೈ ಇನ್ನೂ ಇಳಿಯದೆ, ಮೆಲ್ಲಗೆ ಕೆಂಪು