ಖಾಲಿ ಕ್ಯಾಸೆಟ್ ಕಳಿಸಿ

"ಇದು ಹಾಡೋ, ನಲ್ಲಿ ರಿಪೇರಿಯೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆ ಮನುಷ್ಯ ಕೊಡೆ ಬಡಿಯುತ್ತ ಹೊರಟುಹೋದ.

ಮೇಜಿನ ಹಿಂದೆ ಕೂತಿದ್ದ ಕ್ಲಿಫರ್ಡ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಲವತ್ತು ವರ್ಷ ಆಯ್ತು, ಈ ಊರಿನ ಜನ ಅದೇ ಪ್ರಶ್ನೆ ಕೇಳ್ತಾವೆ ನೋಡು."

"ನೀನು ಕಬ್ಬಿಣದ ಸರಪಳಿ ಬಡಿಯೋದು ಬಿಟ್ಟಿದ್ರೆ ಕೇಳ್ತಿರಲಿಲ್ಲ," ಎಂದ ನೆವಿಲ್. ಆದರೆ ಅವನಿಗೂ ಖುಷಿಯಾಗಿತ್ತು. ಇಂಗ್ಲೆಂಡಿನ ಮೀನುಗಾರರ ಬಂದರು ಗ್ರಿಮ್ಸ್‌ಬಿಯ ಹಳೆಯ ಬ್ಯಾಂಡುಗಳ ನೆನಪಿಗೆಂದು ಚರ್ಚಿನ ಹಾಲಿನಲ್ಲಿ ಏರ್ಪಡಿಸಿದ್ದ ಆ ಪ್ರದರ್ಶನದಲ್ಲಿ ಎಲ್ಲರಿಗಿಂತ ದೊಡ್ಡ ಮೇಜು ಇವರದೇ. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಅದರ ಪಕ್ಕದಲ್ಲಿ ಹೊಚ್ಚಹೊಸ ಎಲ್‌ಪಿ ರೆಕಾರ್ಡುಗಳ ಒಂದು ಕಟ್ಟು.

ನಲವತ್ತು ವರ್ಷದ ಹಿಂದೆ ಊರಿನ ಮೀನಿನ ದೋಣಿಗಳೆಲ್ಲ ಗುಜರಿಗೆ ಹೋಗಿದ್ದವು. ಅಪ್ಪಂದಿರು ಪಬ್ಬಿನಲ್ಲಿ, ಮಕ್ಕಳು ಬ್ಯಾಂಡಿನಲ್ಲಿ, ಓಣಿಗೊಂದು ಬ್ಯಾಂಡ್. ಅವುಗಳಲ್ಲಿ ಡ್ಯಾಂಪ್ ಕಮಿಟಿ ಎಂಬುದು ಈ ಇಬ್ಬರದು. ನೆವಿಲ್ ಅಗ್ಗದ ಕೀಬೋರ್ಡಿನಲ್ಲಿ ಮುದ್ದಾದ ರಾಗ ಕಟ್ಟುತ್ತಿದ್ದ, ಕ್ಲಿಫರ್ಡ್ ದೋಣಿಯ ಸರಪಳಿ ಬಡಿದು ಅದನ್ನು ಹಾಳು ಮಾಡುತ್ತಿದ್ದ. ಅದೇ ತಮ್ಮ ಹೊಸತನ ಎಂದು ಇಬ್ಬರೂ ನಂಬಿದ್ದರು. ಒಂದೇ ಪಬ್ಬಿನಲ್ಲಿ ಎರಡು ಸಲ ನುಡಿಸಿದರು. ಎರಡನೆಯ ಸಲ ಮಾಲೀಕನೇ ಬಂದು ಪ್ಲಗ್ ಕಿತ್ತ. ಹಿತ್ತಲ ಗಿಡ ಮದ್ದಲ್ಲ ನೋಡಿ. ಈಗ ಬೆಲ್ಜಿಯಮ್ಮಿನ ಯಾವುದೋ ಪುಟ್ಟ ಕಂಪನಿ ಅವರ ಹಾಡುಗಳನ್ನು ಎಲ್‌ಪಿ ಮಾಡಿ ಹೊರತಂದಿದೆ ಎಂದು ತಿಳಿದದ್ದೇ ತಡ, ಊರಿನ ಪತ್ರಿಕೆ ನೆವಿಲ್‌ನ ನಗುಮುಖವನ್ನು ಅಚ್ಚು ಹಾಕಿತು.

ಪತ್ರಿಕೆಯವರಿಗೆ ನೆವಿಲ್ ಎಲ್ಲಕ್ಕಿಂತ ಹೆಮ್ಮೆಯಿಂದ ಹೇಳಿದ್ದು ಕ್ಯಾಸೆಟ್ಟುಗಳ ಕಥೆ. ಹಾಡು ಮಾರಲು ಅವರ ಹತ್ತಿರ ದುಡ್ಡಿರಲಿಲ್ಲ. "ಖಾಲಿ ಕ್ಯಾಸೆಟ್ ಕಳಿಸಿ, ವಾಪಸ್ಸಿಗೆ ಅಂಚೆಚೀಟಿ ಇಡಿ, ನಮ್ಮ ಹಾಡು ಪುಕ್ಕಟೆ" ಎಂದು ಸಣ್ಣಪುಟ್ಟ ಪತ್ರಿಕೆಗಳಲ್ಲಿ ಹಾಕಿಸಿದ್ದರು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಕಳಿಸಿದರು. ಅಮ್ಮನ ಅಡುಗೆಮನೆಯಲ್ಲಿ ಎರಡು ರೆಕಾರ್ಡರ್ ಜೋಡಿಸಿಕೊಂಡು ನೆವಿಲ್ ಒಂದೊಂದನ್ನೂ ತುಂಬಿಸಿ, ಅದೇ ಕ್ಯಾಸೆಟ್ಟನ್ನು ತಿರುಗಿ ಅಂಚೆಗೆ ಹಾಕುತ್ತಿದ್ದ. ಒಂದನ್ನೂ ಉಳಿಸಿಕೊಳ್ಳಲಿಲ್ಲ, ಒಬ್ಬರಿಗೂ ಇಲ್ಲವೆನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಲಿಚೀಲ ಎಳೆದುಕೊಂಡು ಒಬ್ಬ ಮುದುಕಿ ನೇರ ಇವರ ಮೇಜಿಗೇ ಬಂದಳು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಫೋಟೋ. ಅದನ್ನೊಮ್ಮೆ, ನೆವಿಲ್‌ನನ್ನೊಮ್ಮೆ ನೋಡಿದಳು.

"ನೆವಿಲ್ ಅಂದ್ರೆ ನೀನೇ ಏನಪ್ಪಾ? ಫೋಟೋದಲ್ಲಿ ಕೂದಲು ಜಾಸ್ತಿ ಇದೆ."

"ಅದು ಹಳೇ ಫೋಟೋ ಅಮ್ಮ. ಕೂತ್ಕೊಳ್ಳಿ. ಕ್ಲಿಫ್, ಟೀ ತಗೊಂಡು ಬಾರಯ್ಯಾ."

"ನಾನು ಎನಿಡ್ ಬೊರಿಲ್. ಲಿನೆಟ್ ಅಮ್ಮ." ಆ ಹೆಸರು ಕೇಳಿದರೆ ಅವನಿಗೆ ನೆನಪಾಗುತ್ತದೆ ಎಂದು ಅವಳು ತುಸು ಕಾದಳು. ಆಗಲಿಲ್ಲ. "ನನ್ನ ಮಗಳು. ನಿಮ್ಮ ಬ್ಯಾಂಡ್ ಅಂದ್ರೆ ಪ್ರಾಣ ಬಿಡ್ತಿದ್ಲು. ತನ್ನ ಹಾಡನ್ನ ಕ್ಯಾಸೆಟ್ ಮಾಡಿ ನಿಮಗೆ ಕಳಿಸಿದ್ಲು, ಹದಿನೆಂಟು ವರ್ಷದವಳಿದ್ದಾಗ. ಬಚ್ಚಲುಮನೇಲಿ ಚಿಲಕ ಹಾಕ್ಕೊಂಡು ಹಾಡಿದ್ದು. ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತಂತೆ. ನನಗೆ ಒಂದಿನಾನೂ ಕೇಳಿಸಲಿಲ್ಲ. 'ಮೊದಲು ಅವ್ರು ಕೇಳ್ಲಿ, ಆಮೇಲೆ ನೀನು' ಅಂತಿದ್ಲು. ಬಾಗಿಲಾಚೆಯಿಂದ ರಾಗ ಕೇಳಿದೀನಿ ಅಷ್ಟೆ, ಮಾತು ಒಂದೂ ಗೊತ್ತಿಲ್ಲ."

"ಈಗ ಲಿನೆಟ್..."

"ಮಾರ್ಚಿನಲ್ಲಿ ಹೋದ್ಲು. ಹೊಟ್ಟೇಲಿ ಗಡ್ಡೆ." ಅವಳು ಗಾಲಿಚೀಲದ ಹಿಡಿಯನ್ನು ಸವರಿದಳು. "ಆ ಕ್ಯಾಸೆಟ್ ನಿನ್ನ ಹತ್ರ ಇರತ್ತಲ್ಲ? ಹಳೇದೆಲ್ಲ ಜೋಪಾನ ಮಾಡಿದೀಯ ಅಂತ ಪೇಪರ್‌ನಲ್ಲಿತ್ತು. ಒಂದೇ ಸಲ ಕೇಳ್ಬೇಕು ಕಣಪ್ಪಾ. ಇಸ್ಕೊಂಡು ಹೋಗಲ್ಲ. ಇಲ್ಲೇ ಕೂತು ಕೇಳ್ಕೊಂಡು ಹೋಗ್ತೀನಿ."

ನೆವಿಲ್ ತಲೆ ಕೆರೆದುಕೊಂಡ. ಯಾರಾದರೂ ತಮ್ಮ ಹಾಡು ಕಳಿಸಿದ ನೆನಪೇ ಅವನಿಗಿರಲಿಲ್ಲ. ಬಂದದ್ದೆಲ್ಲ ಖಾಲಿ ಕ್ಯಾಸೆಟ್ಟುಗಳೇ.

"ನಮಗೇ ಕಳಿಸಿದ್ಲು ಅಂತ ಗ್ಯಾರಂಟಿ ಇದೆಯಾ ಅಮ್ಮ?"

"ಇಲ್ದೆ ಏನು? ನೀವು ಉತ್ತರವಾಗಿ ನಿಮ್ಮ ಹಾಡು ಕಳಿಸಿದ್ರಲ್ಲ, ಅದು ಅವಳು ಸಾಯೋವರೆಗೂ ಮಂಚದ ಪಕ್ಕದಲ್ಲೇ ಇತ್ತು. ನೋಡು." ಚೀಲದ ತಳದಿಂದ ಕರ್ಚೀಫಿನಲ್ಲಿ ಸುತ್ತಿದ ಕ್ಯಾಸೆಟ್ಟನ್ನು ತೆಗೆದು ಅವನ ಕೈಯಲ್ಲಿಟ್ಟಳು. "ನಾನೂ ಎರಡು ನಿಮಿಷ ಕೇಳಿದೆ. ತಲೆನೋವು ಬಂತು. ಬೇಜಾರು ಮಾಡ್ಕೋಬೇಡ."

ಕ್ಯಾಸೆಟ್ಟಿನ ಮೇಲೆ ನೇರಳೆ ಉಗುರುಬಣ್ಣದಲ್ಲಿ ಒಂದು ಹೂವು ಬರೆದಿತ್ತು. ನೆವಿಲ್ ಅದನ್ನು ತಿರುಗಿಸಿದ. ಅಂಚನ್ನು ಬೆಳಕಿಗೆ ಹಿಡಿದ.

ಕ್ಯಾಸೆಟ್ ಕಂಡವರಿಗೆಲ್ಲ ಗೊತ್ತಿರುವ ಸಂಗತಿ ಅದು. ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೊಂದು ತುಂಬಲು ಬರುವುದಿಲ್ಲ. ಇದರಲ್ಲಿರುವುದನ್ನು ಅಳಿಸಬೇಡಿ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ತುಂಬಲೇಬೇಕೆಂದು ಹಟವಿದ್ದವರು ಆ ತೂತುಗಳ ಮೇಲೆ ಅಂಟುಪಟ್ಟಿ ಹಚ್ಚುತ್ತಾರೆ. ಈ ಕ್ಯಾಸೆಟ್ಟಿನ ತುಂಡುಗಳೆರಡೂ ಮುರಿದಿದ್ದವು. ತೂತುಗಳ ಮೇಲೆ ಅಂಟುಪಟ್ಟಿ ಇತ್ತು, ಕಂದು ಬಣ್ಣಕ್ಕೆ ತಿರುಗಿತ್ತು. ಪಟ್ಟಿಯ ತುದಿ ಹೂವಿನ ಎರಡು ಎಸಳುಗಳ ಮೇಲೆ ಹಾದುಹೋಗಿತ್ತು. ಹೂವು ಮೊದಲು, ಪಟ್ಟಿ ಆಮೇಲೆ.

ಉತ್ತರವೆಂದು ಹೋದದ್ದು ಅವಳದೇ ಕ್ಯಾಸೆಟ್.

"ಇದು ಅಂಚೇಲಿ ಬಂದ ದಿನ ಹೇಗೆ ಮೆಟ್ಟಿಲು ಹತ್ತಿದ್ಲು ಅಂತೀಯ!" ಎನ್ನುತ್ತಿದ್ದಳು ಎನಿಡ್. "ಆಮೇಲೆ ಕೆಳಗೆ ಬಂದು ಮಾತಿಲ್ಲದೆ ಊಟ ಮಾಡಿದ್ಲು. ಅದೇ ವಾರ ತನ್ನ ಕೀಬೋರ್ಡನ್ನ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟುಬಿಟ್ಲು. ಮೀನಿನ ಫ್ಯಾಕ್ಟರಿಗೆ ಸೇರಿದ್ಲು. ಆಮೇಲೆ ಗುನುಗಿದ್ದೂ ಇಲ್ಲ. ನಿಮ್ಮ ಹಾಡು ಅಷ್ಟು ದೊಡ್ಡದು, ಅದರ ಮುಂದೆ ತನ್ನದು ಏನೂ ಅಲ್ಲ ಅನ್ನಿಸಿರಬೇಕು, ಪಾಪ, ಅಂದ್ಕೊಂಡೆ."

ಟೀ ಹಿಡಿದು ಬಂದು ಎಲ್ಲ ಕೇಳಿಸಿಕೊಂಡಿದ್ದ ಕ್ಲಿಫರ್ಡ್ ಗೆಳೆಯನ ಭುಜದ ಮೇಲಿಂದ ಬಗ್ಗಿ ನೋಡಿದ. ಅಂಟುಪಟ್ಟಿ ಕಂಡಿತು. ಅವನ ಮುಖದ ನಗೆ ಇಳಿಯಿತು. ನೆವಿಲ್‌ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದ.

"ಹೇಳ್ಬೇಡ ಕಣೋ. ನೀರು ನುಗ್ಗಿತು, ಪೆಟ್ಟಿಗೆ ಹಾಳಾಯ್ತು ಅಂದ್ಬಿಡು."

"ಸುಳ್ಳು ಹೇಳ್ಲಾ?"

"ನಿಜ ಹೇಳಿದ್ರೆ ಆ ಹುಡುಗಿ ಎದ್ದು ಬರ್ತಾಳಾ? ಈ ಮುದುಕಿ ಇನ್ನೆಷ್ಟು ದಿನ ಬದುಕ್ತಾಳೆ ಮಾರಾಯ? ನೆಮ್ಮದಿಯಾಗಿರ್ಲಿ ಬಿಡು."

ಒಳ್ಳೆಯ ಮಾತೇ. ನೆವಿಲ್ ಒಪ್ಪಿಕೊಂಡೇ ಮೇಜಿಗೆ ಮರಳಿದ. ನೀರು, ಪೆಟ್ಟಿಗೆ ಎರಡೂ ನಾಲಗೆಯ ತುದಿಯಲ್ಲಿದ್ದವು. ಆದರೆ ಮುದುಕಿ ಕೋಟಿನ ಗುಂಡಿ ಹಾಕಿಕೊಂಡು, ಕೂದಲು ಸರಿಮಾಡಿಕೊಂಡು ಕೂತಿದ್ದಳು, ಯಾರನ್ನೋ ಎದುರುಗೊಳ್ಳುವ ಹಾಗೆ. ಅವನಿಂದಾಗಲಿಲ್ಲ.

"ಮಿಸೆಸ್ ಬೊರಿಲ್, ಲಿನೆಟ್ ಹಾಡು ಇದರಲ್ಲೇ ಇತ್ತು. ನಾನು ಖಾಲಿ ಅಂದ್ಕೊಂಡೆ. ಇದರ ಮೇಲೇ ನಮ್ಮದನ್ನ ತುಂಬಿಬಿಟ್ಟೆ."

ಎನಿಡ್ ಅವನ ಕೈಯಲ್ಲಿದ್ದ ಕ್ಯಾಸೆಟ್ಟನ್ನು ನೋಡಿದಳು.

"ಹಾಕಿ ಕೇಳ್ಲಿಲ್ವಾ?"

"ಇಲ್ಲ. ಯಾವುದನ್ನೂ ಕೇಳ್ತಿರಲಿಲ್ಲ. ರಾಶಿ ಇರ್ತಿದ್ವು."

"ಆ ತುಂಡು ಮುರಿದಿದ್ಲು. ನನ್ನ ಕತ್ತರಿ ತಗೊಂಡು ಮುರಿದಿದ್ಲು. ನಾನೇ ಬೈದಿದ್ದೆ, ಕತ್ತರಿ ಮೊನೆ ಹಾಳಾಯ್ತು ಅಂತ."

"ಮುರಿದಿದ್ಲು ಅಮ್ಮ. ನಾನೇ ಪಟ್ಟಿ ಅಂಟಿಸ್ದೆ. ಹಳೇ ಕ್ಯಾಸೆಟ್ ಕಳ್ಸೋರು ಬಹಳ ಜನ ಇದ್ರು. ಕೈ ತನ್ನಷ್ಟಕ್ಕೆ ಅಂಟಿಸ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಬದುಕಿದ ಹಾಗಾಗುತ್ತಿತ್ತು. "ಹಾಗಾದ್ರೆ ಅವಳಿಗೆ ಗೊತ್ತಿತ್ತು," ಎಂದಳು, ತನಗೆ ತಾನೇ. "ಅವತ್ತೇ ಗೊತ್ತಾಗಿತ್ತು. ಇಷ್ಟು ವರ್ಷ ನನಗೆ ಹೇಳ್ಲಿಲ್ಲ." ಅಳು ಬಂತು. ಕರ್ಚೀಫಿಗಾಗಿ ತಡಕಾಡಿದಳು, ಅದು ಕ್ಯಾಸೆಟ್ಟಿನ ಜೊತೆ ನೆವಿಲ್‌ನ ಕೈಯಲ್ಲಿತ್ತು.

ಆಗ ಕ್ಲಿಫರ್ಡೇ ಮೆಲ್ಲಗೆ ಕೇಳಿದ, "ನಮ್ಮ ಹಾಡು ಎರಡೂ ಬದಿಗೆ ಪೂರ್ತಿ ಬರ್ತಿತ್ತೇನೋ?"

ಬರುತ್ತಿರಲಿಲ್ಲ. ಒಂದು ಬದಿಯ ಕೊನೆಯಲ್ಲಿ ಸ್ವಲ್ಪ ಟೇಪು ಉಳಿಯುತ್ತಿತ್ತು. ಅಲ್ಲಿ ಹಳೆಯದು ಹಾಗೇ ಇದ್ದರೂ ಇರಬಹುದು. ನೆವಿಲ್ ಅದನ್ನು ಎನಿಡ್‌ಗೆ ಹೇಳಿದ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ. ಅವಳಾಗಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದಳು.

ಕ್ಯಾಸೆಟ್ಟನ್ನು ಕೊನೆಯ ಹತ್ತಿರಕ್ಕೆ ಓಡಿಸಿ ಗುಂಡಿ ಒತ್ತಿದ. ಕ್ಲಿಫರ್ಡ್‌ನ ಸರಪಳಿ ಬಡಿಯತೊಡಗಿತು. ಸುಮ್ಮನೆ ಬಡಿಯುತ್ತಲೇ ಇತ್ತು. ಬೆಲ್ಜಿಯಮ್ಮಿನವರು ಹೊಗಳಿದ್ದ ಭಾಗ ಅದು. ಈಗ ಅದನ್ನು ಮಾಡಿದವನೇ ಕಿವಿ ಮುಚ್ಚಿಕೊಂಡ. ಕೊನೆಗೊಮ್ಮೆ ನಿಂತಿತು. ಟಕ್ ಎಂದಿತು. ಆಮೇಲೆ ಬೇರೊಂದು ಕೋಣೆಯ ಗುಂಯ್ ಎನ್ನುವ ಮೌನ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕೀಬೋರ್ಡಿನಲ್ಲಿ ನಾಲ್ಕಾರು ಸ್ವರಗಳು ಒಂದರ ಹಿಂದೊಂದು ಹುಷಾರಾಗಿ ಹೊರಟವು. ಹಾಡಲೆಂದು ಒಬ್ಬ ಹುಡುಗಿ ಉಸಿರೆಳೆದುಕೊಂಡಳು.

"ಲಿನೆಟ್! ಮೀನು ತಣ್ಣಗಾಗ್ತಾ ಇದೆ, ಬಾರೇ!" ಎಂದು ದೂರದಿಂದ ಒಂದು ಗಟ್ಟಿ ದನಿ ಕೂಗಿತು.

ಎಳೆದುಕೊಂಡ ಉಸಿರು ಹಾಗೇ ಹೊರಗೆ ಬಂತು. "ಬಂದೆ ಅಮ್ಮಾ." ಮತ್ತೆ ಟಕ್. ಟೇಪು ಮುಗಿಯಿತು.

"ಅದ್ಯಾರು ಕೂಗಿದ್ದು?" ಎಂದಳು ಎನಿಡ್. ನೆವಿಲ್ ಅವಳತ್ತ ನೋಡಿದ. ಅವಳೇ, "ನಾನು," ಎಂದಳು.

ಇನ್ನೊಂದು ಬದಿಯ ಕೊನೆಯನ್ನೂ ಹಾಕಿ ನೋಡಿದರು. ಅಲ್ಲಿ ಬರೀ ಸುಯ್ ಎನ್ನುವ ಸದ್ದು.

"ಆ ಮೊದಲಿನ ಬದೀನೇ ಹಾಕಪ್ಪಾ."

ಹಾಕಿದ. ಸರಪಳಿ ಮುಗಿಯಿತು, ನೀರು ತೊಟ್ಟಿಕ್ಕಿತು, ಸ್ವರಗಳು ಹೊರಟವು. ಅವಳು ತುಟಿ ಬಿಗಿದುಕೊಂಡು ಕೇಳಿದಳು. ಮುಗಿದಾಗ ಬೆರಳು ಎತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಹಾಲಿನ ಬಾಗಿಲು ಹಾಕಲು ಬಂದಿದ್ದ ಹೆಂಗಸು ಕ್ಲಿಫರ್ಡ್ ಕೈಸನ್ನೆ ಮಾಡಿದ್ದು ನೋಡಿ ಹಿಂದಕ್ಕೆ ಹೋದಳು.

ಮತ್ತೆ ಹಾಕಿದ. ಸ್ವರಗಳು ಒಂದರ ಹಿಂದೊಂದು ಬಂದವು. ಹುಡುಗಿ ಉಸಿರೆಳೆದುಕೊಂಡಳು. ತನ್ನ ದನಿ ಕೂಗುವ ಮುನ್ನವೇ ಎನಿಡ್ ಮುಂದಕ್ಕೆ ಬಾಗಿ ಟೇಪ್ ರೆಕಾರ್ಡರಿನ ಮೇಲೆ ಅಂಗೈ ಇಟ್ಟಳು.

"ಬರ್ಬೇಡ ಮಗಳೇ," ಎಂದಳು. "ಆರಿದ್ರೆ ಆರ್ಲಿ. ನೀನು ಹಾಡು."

"ಬಂದೆ ಅಮ್ಮಾ," ಎಂದಳು ಲಿನೆಟ್.