ನೀಲಿ ದಾರದ ಹೊಲಿಗೆ

ನಮ್ಮೂರಲ್ಲಿ ಒಬ್ಬರು ಹೊಲಿದ ಮೂಟೆಯ ಬಾಯನ್ನು ಇನ್ನೊಬ್ಬರು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ‘ನೀನು ಕಳ್ಳ’ ಅಂತ ಮುಖದ ಮೇಲೆ ಅಂದ ಹಾಗೆ. ನಮ್ಮಪ್ಪ ಈ ಮರ್ಯಾದೆ ಉಳಿಸಿಕೊಂಡು ಬಂದ, ನಾನೂ ಉಳಿಸಿಕೊಂಡು ಬಂದೆ. ಆದರೆ ಮೂಟೆಗೆ ಇರೋ ಮರ್ಯಾದೆ ಒಬ್ಬ ಹೆಂಗಸಿಗೆ ಇಲ್ಲ ಅಂದರೆ ಅದಕ್ಕೆ ಏನನ್ನಬೇಕು? ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರೀತದೆ.

ನಮ್ಮದು ಮಲ್ಲಿಪಟ್ಟಣದ ಆಚೆ, ಬೋರೆ ದಿಬ್ಬದ ಮೇಲಿನ ಊರು. ಕೆಂಪು ಗರಸು ನೆಲ. ರಾಗಿ ಬಿಟ್ಟರೆ ಹುಚ್ಚೆಳ್ಳು. ಹುಚ್ಚೆಳ್ಳನ್ನು ಅರಕಲಗೂಡು ಸಂತೆಯ ದಲ್ಲಾಳಿಗೆ ಹಾಕುತ್ತಿದ್ದೆವು. ಅವನು ಮಾದರಿ ನೋಡ್ತೀನಿ ಅಂತ ಒಂದೊಂದು ಮೂಟೆಯಿಂದಲೂ ಬೊಗಸೆ ತುಂಬ ತೆಗೆದು ತನ್ನ ಮಂಕರಿಗೆ ಸುರಿದುಕೊಳ್ಳೋನು. ಸಂಜೆಗೆ ಮಂಕರಿ ತುಂಬೋದು. ಕೇಳಿದರೆ, “ಬ್ಯಾಡ ಅಂದ್ರೆ ಹೊತ್ಕೊಂಡ್ ಓಗು” ಅನ್ನೋನು.

ತೊಂಬತ್ತೆಂಟರಲ್ಲಿ ಹಾಸನದ ಒಂದು ಸಂಸ್ಥೆಯಿಂದ ಮುರಳೀಕೃಷ್ಣ ಅನ್ನೋರು ಬಂದರು. ಒಳ್ಳೆಯ ಮನುಷ್ಯ. ನಮ್ಮಿಂದ ಸಂಘ ಕಟ್ಟಿಸಿದರು. ಚೆನ್ನರಾಯಪಟ್ಟಣದ ಎಣ್ಣೆ ಮಿಲ್ಲಿನ ಸಾಹುಕಾರರ ಹತ್ತಿರ ಅಲೆದೂ ಅಲೆದೂ “ದಲ್ಲಾಳಿ ಬೇಡ, ನಿಮ್ಮಿಂದಲೇ ತಗೋತೀನಿ” ಅನ್ನಿಸಿದರು. ಅಧ್ಯಕ್ಷರು ಯಾರು ಅನ್ನೋ ಮಾತೇ ಏಳಲಿಲ್ಲ. ಊರಿಗೆಲ್ಲ ಒಂದೇ ಟ್ರಾಕ್ಟರು, ಅದು ಈಶ್ವರಯ್ಯನೋರದು. ಅವರೇ ಅಧ್ಯಕ್ಷರು.

ಸಂಘಕ್ಕೆ ಮೊದಲು ಸೇರಿದೋಳು ನಂಜಮ್ಮ. ಗಂಡ ಇಲ್ಲ. ಹೊಲ ಬೋರೆಯ ನೆತ್ತಿ ಮೇಲೆ, ಕಲ್ಲೇ ಹೆಚ್ಚು. ಆದರೂ ಹುಚ್ಚೆಳ್ಳನ್ನು ತೂರಿ, ಜರಡಿ ಹಿಡಿದು, ಮೊರದಲ್ಲಿ ಕೇರಿ, ಕಣ್ಣಿನ ಕಾಡಿಗೆ ಹಾಗೆ ಮಾಡಿ ತಂದಳು.

“ಕೆಂಪಣ್ಣ, ಇನ್ಮೇಲೆ ಆ ಮಂಕರಿ ಮಖ ನೋಡಂಗಿಲ್ಲ ಕಣಣ್ಣ” ಅಂತ ನನಗೆ ಅಂದಳು.

ಮೊದಲ ಲೋಡಿನ ಜೊತೆ ಟೆಂಪೋದಲ್ಲಿ ನಾನೂ ಅವಳೂ ಹೋದೆವು. ಮಿಲ್ಲಿನ ಹಮಾಲಿ ಮೂಟೆಗಳಿಗೆ ಕಬ್ಬಿಣದ ಕೊಳವೆ ಚುಚ್ಚಿ, ಕಾಳು ಎಳೆದು ನೋಡುತ್ತಾ ಬಂದ. ಒಂದು ಮೂಟೆಯ ನಡುವಿಂದ ಮಣ್ಣು ಉದುರಿತು. ಕಣ ಗುಡಿಸಿದ ಮಣ್ಣು, ಹೊಟ್ಟು, ಸಣ್ಣ ಗರಸು.

“ಏನಜ್ಜ, ಬೋರೆನೇ ಮೂಟೆ ಕಟ್ಕೊಂಡು ಬಂದ್ಬುಟ್ಟಿದ್ದೀರಾ?” ಅಂದರು ಸಾಹುಕಾರರು. “ಒಂದ್ರಲ್ಲಿದ್ರೆ ಎಲ್ಲಾದ್ರಲ್ಲೂ ಇದ್ದಂಗೆ. ವಾಪಸ್ ತಗೊಂಡ್ ಹೋಗಿ. ಊರಲ್ಲೇ ಎಲ್ಲಾ ಮೂಟೆ ಬಿಚ್ಚಿ ನೋಡಿ ತರೋದಾದ್ರೆ ಇನ್ನೊಂದ್ ಸಲ ನೋಡ್ತೀನಿ. ಇಲ್ದಿದ್ರೆ ಈ ಕಡೆ ತಲೆ ಹಾಕ್ಬೇಡಿ.”

ಆ ಮೂಟೆ ಯಾರದ್ದು ಅಂತ ನಮ್ಮಿಬ್ಬರಿಗೂ ನೋಡಿದ ತಕ್ಷಣ ಗೊತ್ತಾಯಿತು. ನಾವೆಲ್ಲ ಹೊಲಿಯೋದು ಸೆಣಬಿನ ಹುರಿಯಲ್ಲಿ. ನೀಲಿ ನೈಲಾನ್ ದಾರ ಊರಲ್ಲಿ ಇದ್ದದ್ದು ಈಶ್ವರಯ್ಯನೋರ ಮನೆಯಲ್ಲಿ ಮಾತ್ರ.

ಮಾರನೇ ದಿನ ಹಾಲಿನ ಡೈರಿ ಜಗುಲಿ ಮೇಲೆ ಸಭೆ. ವಾಪಸ್ ಬಂದ ಮೂಟೆಗಳನ್ನು ಅಲ್ಲೇ ಇಳಿಸಿದ್ದೆವು. ಈಶ್ವರಯ್ಯ ಕುರ್ಚಿಯಲ್ಲಿ ಕೂತು, ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ ಶುರು ಮಾಡಿದರು.

“ಯಾರ ಹೊಲ ಕಲ್ಲು ಮಣ್ಣು ಅಂತ ಊರಿಗೇ ಗೊತ್ತು. ನಾನು ಯಾರ ಹೆಸ್ರೂ ಹೇಳಾಕಿಲ್ಲ. ನಂಜಮ್ಮ, ನೀನು ಸಂಘ ಬಿಟ್ಟು ಆಚೆ ಇದ್ಬುಡವ್ವ. ಒಬ್ಬಳಿಂದ ಎಲ್ಲಾರ್ಗೂ ಕೆಟ್ಟೆಸ್ರು ಬ್ಯಾಡ.”

“ಹೇಳಾಕಿಲ್ಲ ಅಂತ್ಲೇ ಹೇಳ್ಬುಟ್ರಲ್ಲ ಯಜಮಾನ್ರೆ” ಅಂದಳು ನಂಜಮ್ಮ.

ಸಂಘ ಬಿಡೋದು ಅಂದರೆ ಮತ್ತೆ ಆ ದಲ್ಲಾಳಿ, ಮತ್ತೆ ಆ ಮಂಕರಿ, ಅದೂ ಒಂಟಿ ಹೆಂಗಸು. ಕೂತವರಿಗೆಲ್ಲ ಅದು ಗೊತ್ತಿತ್ತು. ಒಬ್ಬ ನೆಲ ಕೆರೆದ, ಒಬ್ಬ ಬೀಡಿ ತಡಕಿದ. ಡೈರಿ ನೋಡಿಕೊಳ್ಳೋ ಗುಂಡಯ್ಯ, “ಓಗ್ಲಿ ಬುಡವ್ವ, ದೊಡ್ಡೋರು ಏಳ್ತಾವ್ರೆ” ಅಂದ. ಮುರಳೀಕೃಷ್ಣ, “ಸಂಘ ನಿಮ್ಮದು, ನೀವೇ ಮಾತಾಡಿ” ಅಂತ ಒಬ್ಬೊಬ್ಬರ ಮುಖ ನೋಡಿದರು. ಮಾತಾಡೋಕೆ ಬಾಯಿ ಬೇಕಲ್ಲ! ಎಲ್ಲರ ಬಾಯಿಯೂ ಆ ಟ್ರಾಕ್ಟರಿನ ನೇಗಿಲಿಗೆ ಕಟ್ಟಿತ್ತು.

ನಾನು ಎದ್ದೆ. “ಮಣ್ಣು ಉದುರಿದ ಮೂಟೆಗೆ ನೀಲಿ ದಾರದ ಹೊಲಿಗೆ ಇತ್ತು. ಕಣ್ಣಾರೆ ನೋಡಿವ್ನಿ.”

“ವಯಸ್ಸಾಯ್ತು ಕೆಂಪಣ್ಣ. ನಿಂಗೆ ನೀಲಿ ಯಾವ್ದು, ಕರಿ ಯಾವ್ದು?” ಅಂತ ಈಶ್ವರಯ್ಯ ನಕ್ಕರು. ಜೊತೆಗೆ ಒಂದಿಬ್ಬರು ನಕ್ಕರು. ಆ ನಗುವಿಗೆ ಬಂದ ಸಿಟ್ಟು ನನಗೆ ದಲ್ಲಾಳಿ ಮೇಲೂ ಬಂದಿರಲಿಲ್ಲ. ಅವನಾದರೆ ಹೊರಗಿನೋನು. ನಕ್ಕವರು ನಮ್ಮೋರು.

“ಸರಿ. ಮೂಟೆ ಇಲ್ಲೇ ಅವೆ. ಎಲ್ಲಾನೂ ಬಿಚ್ರಪ್ಪ” ಅಂದೆ.

ಯಾರೂ ಮಿಸುಕಲಿಲ್ಲ. ಆಗ ನಂಜಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲು ತೆಗೆದು ತನ್ನ ಮೂಟೆಯ ಬಾಯನ್ನು ತಾನೇ ಕೊಯ್ದಳು. ಗೋಣಿತಾಟಿನ ಮೇಲೆ ಬುಡಮೇಲು ಮಾಡಿದಳು. ಕರ್ರಗೆ ಮಿರಮಿರ ಮಿಂಚೋ ಕಾಳು.

“ಬಾರಣ್ಣ ಗುಂಡಯ್ಯ, ಕಲ್ಲು ಹುಡುಕು. ಸಿಕ್ರೆ ನಾನೇ ತಿಂತೀನಿ.”

ಗುಂಡಯ್ಯ ಅತ್ತ ತಿರುಗಿದ. ನೀಲಗಂಗಮ್ಮ ಅನ್ನೋ ಇನ್ನೊಬ್ಬ ಹೆಂಗಸು ಎದ್ದು ಬಂದು, ಆ ಕುಡುಗೋಲು ಇಸ್ಕೊಂಡು ತನ್ನ ಮೂಟೆ ಕೊಯ್ದಳು. ಆಮೇಲೆ ನಾನು. ಆಮೇಲೆ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ. ಕೊನೆಗೆ ನೀಲಿ ದಾರದವು ಮಾತ್ರ ಉಳಿದವು.

“ನನ್ನ ಮೂಟೆ ಮುಟ್ಟಿ ನೋಡಿ. ನಾಳೆಯಿಂದ ಯಾರ ಹೊಲಕ್ಕೂ ಟ್ರಾಕ್ಟರ್ ಇಳಿಯಾಕಿಲ್ಲ” ಅಂದು ಈಶ್ವರಯ್ಯ ಎದ್ದು ಹೋದರು.

ಯಾರೂ ಮುಟ್ಟಲಿಲ್ಲ. ಬಿಚ್ಚಿದ್ದನ್ನಷ್ಟೇ ಮತ್ತೆ ತುಂಬಿ ಟೆಂಪೋಗೆ ಹೇರಿದೆವು. ಸಾಹುಕಾರರು ತಗೊಂಡರು. ನಂಜಮ್ಮನೂ ಸಂಘದಲ್ಲೇ ಉಳಿದಳು. ಆದರೂ ಟ್ರಾಕ್ಟರು ಆ ವರ್ಷ ಇಳಿಯಲಿಲ್ಲ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಅಂತ ಎತ್ತು ಹುಡುಕಿಕೊಂಡು ತಡವಾಗಿ ಉತ್ತೆವು. ಅದಕ್ಕೂ ಜನ ಬೈದದ್ದು ನಂಜಮ್ಮನನ್ನೇ. ‘ತಪ್ಪಾಯ್ತವ್ವ’ ಅಂತ ಅವಳಿಗೆ ಒಬ್ಬನೂ ಹೇಳಲಿಲ್ಲ. ಒಬ್ಬನೂ!

ನೀಲಿ ದಾರದ ಮೂಟೆಗಳು ಜಗುಲಿಯ ಮೂಲೆಯಲ್ಲೇ ಬಿದ್ದಿದ್ದವು. ಅವರು ಒಯ್ಯಲಿಲ್ಲ, ನಾವು ಸರಿಸಲಿಲ್ಲ. ಕಡೆಗೆ ಇಲಿ ಕಡಿದವು. ಒಂದು ಬೆಳಗ್ಗೆ ಹಾಲು ಹಾಕೋಕೆ ಹೋದರೆ ಮೆಟ್ಟಿಲ ತುಂಬ ಕಣದ ಮಣ್ಣು. ಜನ ಅದನ್ನು ದಾಟಿಕೊಂಡು, ಕಾಣದವರ ಹಾಗೆ ಸಾಲು ನಿಂತಿದ್ದರು. ಗುಂಡಯ್ಯ ಪೊರಕೆ ತಂದು, ಸಾಲಿನಲ್ಲಿ ಅಷ್ಟು ಜನ ಇದ್ದರೂ ನಂಜಮ್ಮನ ಮುಂದೆಯೇ ಚಾಚಿದ.

“ಒಸಿ ಗುಡಿಸ್ಬುಡವ್ವ, ಜನ ತುಳೀತಾರೆ.”

ಅವಳು ಪೊರಕೆ ಮುಟ್ಟಲಿಲ್ಲ.

“ತುಳೀಲಿ ಕಣಣ್ಣ” ಅಂದಳು. “ಯಾರ್ದು ಅಂತ ಕೇಳ್ಕೊಂಡು ತುಳೀಲಿ.”